ಅಣಕಿಸಿದವನನ್ನು ಉಳಿಸಿದ ಮೇಡಂ

ಬನಶಂಕರಿಯ ನಮ್ಮ ಕಾಲೇಜಿನಲ್ಲಿ ಕಿರುಕುಳದ ದೂರು ವಿಚಾರಿಸುವವರು ಸುಧಾಮಣಿ ಮೇಡಂ. ಮಾತು ಮಾತಿಗೂ ‘ಗೊತ್ತಾಯ್ತಾ ಕಂದಾ’ ಎನ್ನುತ್ತಾರೆ. ವಾರ್ಷಿಕೋತ್ಸವದ ನಾಟಕದಲ್ಲಿ ಮಹೇಶ ಎಂಬ ವಿದ್ಯಾರ್ಥಿ ಸೀರೆಯುಟ್ಟು ಅದನ್ನೇ ಅಣಕಿಸಿದ. ಸಭೆಯೆಲ್ಲ ನಕ್ಕಿತು. ಕ್ಯಾಂಟೀನ್ ನಡೆಸುವ ನನಗೆ ಮೈ ಉರಿಯಿತು.

ಮರುದಿನ ನಾನು ಕಾಫಿ ಒಯ್ದಾಗ ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲಿ ಮೇಡಂ ಮುಂದೆ ಕೂಗಾಡುತ್ತಿದ್ದರು. "ಇದೂ ಕಿರುಕುಳಾನೇ ಮೇಡಂ, ಅವನನ್ನ ಕಾಲೇಜಿಂದ ತೆಗೀತೀನಿ!"

"ಎರಡು ಬಾರಿಸಿ ಸಾರ್," ಎಂದೆ ನಾನು.

"ಸುಮ್ನಿರಿ ಪಿಳ್ಳಣ್ಣ," ಎಂದು ಮೇಡಂ ನಕ್ಕರು. "ನನ್ನ ಮಾತಿನ ಧಾಟಿಗೆ ನಕ್ಕರು, ಅಷ್ಟೇ ಸಾರ್. ಇವತ್ತು ನನ್ನನ್ನ ಅಣಕಿಸಿದ್ದಕ್ಕೆ ಅವನ ಬಾಯಿ ಮುಚ್ಚಿಸಿದ್ರೆ, ನಾಳೆ ಮೇಷ್ಟ್ರ ಮೇಲೆ ದೂರು ಹೇಳೋಕೆ ಯಾವ ಹುಡುಗಿಗೆ ಧೈರ್ಯ ಬರುತ್ತೆ?"

ಮಹೇಶ ಕಾಲೇಜಿನಲ್ಲೇ ಉಳಿದ. ಇಂಥ ಗಟ್ಟಿಗಿತ್ತಿಯನ್ನು ನಾನು ಕಂಡಿಲ್ಲ. ಆ ವಾರವೇ ಇಬ್ಬರು ಹುಡುಗಿಯರು ಮೇಡಂ ಕೋಣೆಯ ಬಾಗಿಲು ತಟ್ಟಿ, ಮೇಷ್ಟ್ರೊಬ್ಬರ ಹೆಸರು ಹೇಳಿದರು.