ಕುರುಗೋಡಿನಲ್ಲಿ ನಿಂತ ಗಾಡಿ

ಮುಂದೆ ಆಗುವುದು ಯಂತ್ರಕ್ಕೆ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸೇನೆಯ ವೈದ್ಯಕೀಯ ದಳದಲ್ಲಿ ಗಾಯಾಳುಗಳನ್ನು ಹೊತ್ತವನು ನಾನು. ಶಕುನಗಳಿಗೆ ಕವಡೆ ಕಾಸಿನ ಕಿಮ್ಮತ್ತೂ ಕೊಟ್ಟವನಲ್ಲ. ನೀವು ನಂಬಲೇಬೇಕೆಂದು ಈಗಲೂ ಒತ್ತಾಯಿಸುವುದಿಲ್ಲ.

ನಿವೃತ್ತನಾದ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಎಂಜಿನಿಯರ್ ಬಸವರಾಜನ ಜೊತೆ ಒಂದು ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದೆ. ಯುದ್ಧದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಹೇಗೆ ಸಾಗಿಸಬೇಕೆಂದು ಅದು ಪರದೆಯ ಮೇಲೆ ಮೊದಲೇ ನಡೆಸಿ ತೋರಿಸುತ್ತದೆ. ಸೇನೆಯಲ್ಲಿ ಒಂದೇ ಗಾಡಿ ಕೊನೆಯವರೆಗೆ ಹೋಗುವುದಿಲ್ಲ. ನಡುದಾರಿಯಲ್ಲಿ ಇನ್ನೊಂದು ಗಾಡಿ ಕಾದಿದ್ದು ಗಾಯಾಳುವನ್ನು ಹತ್ತಿಸಿಕೊಳ್ಳುತ್ತದೆ. ಪರೀಕ್ಷೆಗೆ ನಮ್ಮ ಕಡೆಯ ರಸ್ತೆಗಳನ್ನೇ ಹಾಕಿದ್ದೆವು. ರಾರಾವಿಯಿಂದ ಸಿರುಗುಪ್ಪದ ಮೇಲೆ ಬಳ್ಳಾರಿ. ಗಾಡಿ ಬದಲಿಸುವ ಜಾಗ ತೆಕ್ಕಲಕೋಟೆ. ಆ ಮಧ್ಯಾಹ್ನ ಪರದೆಯ ಮೇಲಿನ ಗಾಡಿ ತೆಕ್ಕಲಕೋಟೆ ದಾಟಿ, ಸುತ್ತು ಹಾಕಿ, ಕುರುಗೋಡಿನಲ್ಲಿ ನಿಂತಿತು. ಅಳಿಸಿ ಮತ್ತೆ ಹಾಕಿದೆವು. ಮತ್ತೆ ಕುರುಗೋಡು!

"ಅಲ್ಲೇನು ಇದರ ಬೀಗರ ಮನಿ ಐತೇನ್ರಿ ಸರ?" ಎಂದು ಬಸವರಾಜ ರೇಗಿದ.

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ರಾರಾವಿಯಲ್ಲಿರುವ ಅವನ ಅಕ್ಕ ಗಂಗಮ್ಮ ಟ್ರ್ಯಾಕ್ಟರಿನಿಂದ ಬಿದ್ದು ತೊಡೆ ಸೀಳಿಕೊಂಡಿದ್ದಳು. ಭಾವ ಸಿರುಗುಪ್ಪದಲ್ಲಿ ಪಟ್ಟಿ ಕಟ್ಟಿಸಿ, ಜೀಪಿನಲ್ಲಿ ಬಳ್ಳಾರಿಗೆ ಹೊರಟಿದ್ದ, ರಕ್ತ ನಿಂತಿರಲಿಲ್ಲ. ನನ್ನ ಬಾಯಿಂದ ತಾನಾಗಿಯೇ ಬಂತು: "ಕುರುಗೋಡಿನ ಮ್ಯಾಲೆ ಬರಾಕ ಹೇಳು. ನಾವು ದವಾಖಾನಿ ಆಂಬುಲೆನ್ಸ್ ತಗೊಂಡು ಅಲ್ಲಿಗೇ ಹೋಗೋಣು."

"ಸುತ್ತಾಗ್ತೈತ್ರಿ! ನಮ್ಮಕ್ಕನ ಜೀವದ ಮಾತೈತಿ!" ಎಂದು ಬಸವರಾಜ ಕೂಗಿದ. ಒಮ್ಮೆ ಪರದೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಭಾವನಿಗೆ ಹಾಗೆಯೇ ಹೇಳಿದ.

ನಾವು ಕುರುಗೋಡಿನಲ್ಲಿ ಇಳಿಯುವಷ್ಟರಲ್ಲಿ ಜೀಪು ಕಂಡಿತು. ಅದು ನಮ್ಮ ಮುಂದೆಯೇ ಕೆಮ್ಮಿ ನಿಂತುಬಿಟ್ಟಿತು. ಎಷ್ಟು ಸೆಲ್ಫ್ ಹೊಡೆದರೂ ಮತ್ತೆ ಶುರುವಾಗಲಿಲ್ಲ. ಬೇರೆಲ್ಲಾದರೂ ನಿಂತಿದ್ದರೆ! ಗಂಗಮ್ಮನನ್ನು ಆಂಬುಲೆನ್ಸಿಗೆ ಎತ್ತಿ, ಗಾಯವನ್ನು ಎರಡೂ ಕೈಯಿಂದ ಒತ್ತಿಹಿಡಿದು ಬಳ್ಳಾರಿ ಮುಟ್ಟಿಸಿದೆವು. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದಾಗ ನಾನೂ ಬಸವರಾಜನೂ ಆಸ್ಪತ್ರೆಯ ಅಂಗಳದಲ್ಲೇ ಚಿಕ್ಕ ಮಕ್ಕಳ ಹಾಗೆ ಕುಣಿದೆವು.

ಸಾಫ್ಟ್‌ವೇರನ್ನು ಜಾಲಾಡಿದೆವು, ತಪ್ಪು ಸಿಗಲಿಲ್ಲ. ಆ ದಿನದಿಂದ ಪರದೆಯ ಗಾಡಿ ನಾವು ಹೇಳಿದಂತೆ ತೆಕ್ಕಲಕೋಟೆಯಲ್ಲೇ ನಿಲ್ಲುತ್ತದೆ. ಕಾಕತಾಳೀಯ ಎನ್ನಬಹುದು, ನಾನೂ ಹಾಗೆಂದುಕೊಳ್ಳಲು ನೋಡಿದ್ದೇನೆ. ಆದರೆ ಗಂಗಮ್ಮ ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದುಕೊಂಡು, "ಜೀಪು ಅಲ್ಲೇ ಕೆಡತೈತಂತ ನಿಮಗ ಹೆಂಗ ಗೊತ್ತಾತ್ರಿ ಅಣ್ಣಾ?" ಎಂದು ಕೇಳುತ್ತಾಳೆ. ನನಗೆ ಗೊತ್ತಿರಲಿಲ್ಲ ತಾಯಿ ಎಂದರೆ ಅವಳು ನಂಬುವುದಿಲ್ಲ.