ಬ್ಯಾಂಕಾಕಿನ ನೆಲ ಬಡಿದ ಗುರುಲಿಂಗಯ್ಯ

ಶಹಾಬಾದಿನ ಗುರುಲಿಂಗಯ್ಯನವರು ಬ್ಯಾಂಕಾಕಿನಲ್ಲಿ ಒಂದೇ ದಿನ ಎಂಟು ಬುದ್ಧ ಮಂದಿರಗಳಿಗೆ ಹೋಗಿ ಬಂದವರು. ಯಾವ ಮಂದಿರದಲ್ಲಿ ಬುದ್ಧ ಕುಳಿತಿದ್ದ, ಯಾವುದರಲ್ಲಿ ಮಲಗಿದ್ದ ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ನೆಲದ ಬಗ್ಗೆ ಕೇಳಿದರೆ ಒಂದೊಂದಾಗಿ ಹೇಳುತ್ತಾರೆ.

ಅವರ ಉದ್ಯೋಗ ಕಲ್ಲು ಬಡಿಯುವುದು. ಖಣಿಯಿಂದ ಬಂದ ಫರಸಿಗಳನ್ನು, ಅಂದರೆ ನೆಲಕ್ಕೆ ಹಾಸುವ ಕಲ್ಲುಗಳನ್ನು, ಪಾಲಿಶ್ ಕಾರ್ಖಾನೆಯ ಗೋಡೆಗೆ ಆನಿಸಿ ಸಾಲಾಗಿ ನಿಲ್ಲಿಸುತ್ತಾರೆ. ಗುರುಲಿಂಗಯ್ಯ ಬಗ್ಗಿ, ನಡುಬೆರಳಿನ ಗೆಣ್ಣಿನಿಂದ ಒಂದು ಸಲ ಬಡಿದು ಕಿವಿ ಕೊಡುತ್ತಾರೆ. ಕಂಚಿನ ತಟ್ಟೆಯಂತೆ ನುಡಿದರೆ ಕಲ್ಲು ಗಟ್ಟಿ. ಮೂಕವಾಗಿದ್ದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಗೆರೆ ಬಿದ್ದ ಕಲ್ಲು ಪಾಲಿಶಿಗೆ ಹೋಗುವುದಿಲ್ಲ. ಮೂವತ್ತೊಂದು ವರ್ಷ ಆ ಗೆರೆಯನ್ನು ಯಾರೂ ಪ್ರಶ್ನಿಸಿರಲಿಲ್ಲ.

2003ರ ದೀಪಾವಳಿಯ ಹೊತ್ತಿಗೆ ಮಾಲೀಕ ನಂದಕಿಶೋರ್ ಚಿತ್ತಾಪುರದ ಕಡೆ ಹೊಸ ಖಣಿ ಹಿಡಿದರು. ಮೊದಲ ಲಾರಿಯಿಂದಲೇ ಗೆರೆಗಳು ಶುರುವಾದವು. ಮೂರು ವಾರದಲ್ಲಿ ಹತ್ತು ಕಲ್ಲಿಗೆ ಏಳು ಗೆರೆ. ನಂದಕಿಶೋರ್ ತಾವೇ ಬಡಿದು ನೋಡಿದರು. ಅವರಿಗೆ ಎಲ್ಲ ಕಲ್ಲೂ ಒಂದೇ ಥರ ಕೇಳಿಸಿತು.

“ಅಯ್ನೋರ, ಖಣಿ ಹೊಸದದ, ನಿಮ್ಮ ಕಿವಿ ಹಳೀದದ. ಎರಡ್ರಾಗ ಒಂದು ಕೆಟ್ಟದ” ಎಂದರು.

“ಯಾವ್ದು ಕೆಟ್ಟದಂತ ಅನ್ನಸ್ತದ್ರಿ ಸಾವ್ಕಾರ್ರೇ?”

“ಖಣಿಗಿ ಐದು ವರ್ಷದ ಕರಾರು ಮಾಡೀನಿ.”

ಅಲ್ಲಿಗೆ ಮಾತು ಮುಗಿಯಿತು. ಹೊಸ ವರ್ಷದಿಂದ ಗುರುಲಿಂಗಯ್ಯ ಗೇಟಿನಲ್ಲಿ ಕುಳಿತು ಲಾರಿ ನಂಬರು ಬರೆದುಕೊಳ್ಳಬೇಕೆಂದಾಯಿತು. ಈಗಾಗಲೇ ಗೆರೆ ಬಿದ್ದ ಕಲ್ಲುಗಳನ್ನು ಒರೆಸಿ ಮಾರಾಟಕ್ಕೆ ಕಳಿಸಬೇಕು ಎಂದು ಗುಮಾಸ್ತ ಸೂರ್ಯಕಾಂತನಿಗೆ ಅಪ್ಪಣೆಯಾಯಿತು.

ಗುರುಲಿಂಗಯ್ಯ ಗುಲ್ಬರ್ಗಕ್ಕೆ ಹೋಗಿ ಕಿವಿ ತೋರಿಸಿದರು. ಡಾಕ್ಟರು ಕಿವಿ ತೊಳೆದು, ವಯಸ್ಸಿಗೆ ತಕ್ಕಂತಿದೆ ಎಂದರು. ಇದರಿಂದ ಏನೂ ತಿಳಿಯಲಿಲ್ಲ. ಪಕ್ಕದ ಕಾರ್ಖಾನೆಯ ಕಲ್ಲು ಬಡಿದು ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಗುರುಲಿಂಗಯ್ಯ ಇನ್ನೊಬ್ಬರ ಕಲ್ಲು ಬಡಿದರೆಂದರೆ ಸಂಜೆಯೊಳಗೆ ಶಹಾಬಾದಿಗೆಲ್ಲ ಅವರ ಕಿವಿಯ ಸುದ್ದಿ ಗೊತ್ತಾಗುತ್ತಿತ್ತು. ತಮ್ಮ ಪರಿಚಯವೇ ಇಲ್ಲದ ಕಲ್ಲು ಅವರಿಗೆ ಬೇಕಿತ್ತು.

ಅಷ್ಟರಲ್ಲಿ ಬ್ಯಾಂಕಾಕ್ ಬಂತು. ಕಲ್ಲು ಕೊಯ್ಯುವ ಬ್ಲೇಡಿನ ಕಂಪನಿಯೊಂದು, ಹೆಚ್ಚು ಬ್ಲೇಡು ಕೊಂಡ ಕಾರ್ಖಾನೆಗಳಿಗೆ ಮೂವರಂತೆ ನಾಲ್ಕು ದಿನದ ಪ್ರವಾಸ ಕೊಟ್ಟಿತ್ತು. ಹೊರಡಲು ಹತ್ತೇ ದಿನ. ನಂದಕಿಶೋರರ ಮನೆಯಲ್ಲಿ ಬೇರೆ ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ. ಕಾರ್ಖಾನೆಯಲ್ಲಿ ಇಬ್ಬರಿಗಿತ್ತು: ಒಂದು ಕಾಲಕ್ಕೆ ದುಬೈಗೆ ಹೋಗುವೆನೆಂದು ಮಾಡಿಸಿ ಹೋಗದೆ ಉಳಿದ ಗುರುಲಿಂಗಯ್ಯ, ಸೌದಿಯಲ್ಲಿ ನಾಲ್ಕು ವರ್ಷ ಗೌಂಡಿ ಕೆಲಸ, ಅಂದರೆ ಕಲ್ಲು ಹಾಸುವ ಗಾರೆ ಕೆಲಸ, ಮಾಡಿ ಬಂದಿದ್ದ ಮಜೀದಸಾಬ. ಹೀಗಾಗಿ ಕಲ್ಲು ಬಡಿಯುವ ಕೆಲಸ ಕಳೆದುಕೊಳ್ಳಲಿದ್ದ ಗುರುಲಿಂಗಯ್ಯ ಮಾಲೀಕರ ಪಕ್ಕದ ಸೀಟಿನಲ್ಲಿ ಕುಳಿತು ವಿಮಾನದಲ್ಲಿ ಹೋದರು.

ಮೂರನೇ ದಿನ ಒಂಬತ್ತು ಮಂದಿರಗಳ ದರ್ಶನವಿತ್ತು. ಬಸ್ಸಿನಲ್ಲಿ ನಾಗಪುರದ ನಿವೃತ್ತ ಬ್ಯಾಂಕ್ ನೌಕರರ ತಂಡವೂ ಇತ್ತು. ಮೊದಲ ಮಂದಿರದಲ್ಲಿ ಗೈಡ್ ಹುಡುಗಿ ಬಂಗಾರದ ಶಿಖರದತ್ತ ಕೈ ತೋರಿಸಿದಳು. ನಲವತ್ತು ತಲೆಗಳು ಮೇಲೆದ್ದವು. ಗುರುಲಿಂಗಯ್ಯ ಮಂಡಿಯೂರಿ, ನೆಲ ಬಡಿದು, ಕಿವಿ ಹಚ್ಚಿದರು.

“ಏನ್ ಮಾಡ್ಲಿಕತ್ತೀರಿ ಅಯ್ನೋರ?” ನಂದಕಿಶೋರ್ ಕೇಳಿದರು.

“ನಮಸ್ಕಾರ್ರಿ.”

“ಕಿವಿಲೆ ಯಾರು ನಮಸ್ಕಾರ ಮಾಡ್ತಾರ್ರಿ?”

ಕಲ್ಲು ನುಡಿದಿರಲಿಲ್ಲ. ಎರಡನೆಯ ಮಂದಿರದಲ್ಲೂ ನುಡಿಯಲಿಲ್ಲ. ನಾಗಪುರದ ಹೆಂಗಸೊಬ್ಬರು, ಇದು ಏನು ಎಂದು ನಂದಕಿಶೋರರನ್ನು ಹಿಂದಿಯಲ್ಲಿ ವಿಚಾರಿಸಿದರು. ನಂದಕಿಶೋರರಿಗೆ ಅಷ್ಟರಲ್ಲಿ ವಿಷಯ ಹೊಳೆದಿತ್ತು, ಆದರೆ ತಮ್ಮ ಆಳು ಕಿವಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾನೆ ಎಂದು ಹೇಳಲು ನಾಚಿಕೆಯಾಯಿತು. ನಮ್ಮ ಕಡೆ ಹೀಗೊಂದು ಪದ್ಧತಿಯಿದೆ, ಮಂದಿರದ ನೆಲಕ್ಕೆ ಬಡಿದು ಕಿವಿಗೊಡುವುದು ಎಂದುಬಿಟ್ಟರು.

ಮೂರನೆಯ ಮಂದಿರದಲ್ಲಿ ಆ ಹೆಂಗಸು ಬಡಿದರು. ನಾಲ್ಕನೆಯದರಲ್ಲಿ ಇಡೀ ನಾಗಪುರ ಬಡಿಯಿತು. ಐದನೆಯದರಲ್ಲಿ ಮಂದಿರದ ಸೇವಕನೊಬ್ಬ ಓಡಿ ಬಂದು ಇವರ ಮಂಡಿಗೆ ಚಾಪೆ ಹಾಸಿದ. ಗುರುಲಿಂಗಯ್ಯ ಚಾಪೆ ಸರಿಸಿ ಬಡಿದರು. ಉಳಿದವರೂ ಸರಿಸಿ ಬಡಿದರು. ಹೊರಗೆ ರಸ್ತೆಯ ಗದ್ದಲ, ಒಳಗೆ ನಲವತ್ತು ಗೆಣ್ಣುಗಳ ಗದ್ದಲ. ಗುರುಲಿಂಗಯ್ಯನವರಿಗೆ ಮಾತ್ರ ಬೇಕಾದದ್ದು ಕೇಳಿಸಲಿಲ್ಲ.

ಆರನೆಯದರಲ್ಲಿ ನಾಗಪುರದ ಹೆಂಗಸು ಕಣ್ಣು ಮುಚ್ಚಿ, ತಮಗೆ ಓಂಕಾರ ಕೇಳಿಸಿತು ಎಂದರು. ಒಬ್ಬ ಕ್ಯಾಷಿಯರು ತಮಗೂ ಕೇಳಿಸಿತೆಂದರು. ಮೂರನೆಯವರಿಗೆ ನೀರು ಹರಿಯುವ ಸದ್ದು ಕೇಳಿಸಿತಂತೆ. ಗುರುಲಿಂಗಯ್ಯ ಮತ್ತೊಮ್ಮೆ ಬಡಿದರು. ಜನ್ಮದಲ್ಲಿ ಕಲ್ಲು ಮುಟ್ಟದ ಬ್ಯಾಂಕಿನವರಿಗೆಲ್ಲ ಕೇಳಿಸುತ್ತಿದೆ, ಮೂವತ್ತೊಂದು ವರ್ಷ ಅದನ್ನೇ ಮಾಡಿದ ತಮಗೆ ಕೇಳಿಸುತ್ತಿಲ್ಲ.

ಏಳನೆಯ ಮಂದಿರದಿಂದ ಅವರು ಬೇಗ ಹೊರಬಂದು, ಚಪ್ಪಲಿಗಳ ಪಕ್ಕ ಮಜೀದಸಾಬ ಕುಳಿತಿದ್ದ ಮೆಟ್ಟಿಲಲ್ಲಿ ಕುಳಿತರು.

“ಮುಗೀತಪ ಮಜೀದಸಾಬ. ನನ್ನ ಕಿವಿ ಹೋಯ್ತು.”

“ನನ್ನ ಮಾತು ಕೇಳಸ್ತದಲ್ರಿ?”

“ಮಾತು ಕೇಳಸ್ತದ, ಕಲ್ಲು ಕೇಳಸ್ತಿಲ್ಲ. ಏಳು ಗುಡಿ ನೆಲ ಬಡದ್ನಿ. ಏಳೂ ಮೂಕ.”

ಮಜೀದಸಾಬ ಅವರತ್ತ ತಿರುಗಿದ. “ಹಾಸಿದ ಕಲ್ಲು ಬಡದ್ರಿ?”

“ಮತ್ತ? ಎದ್ದು ನಿಂತ ಕಲ್ಲು ಇಲ್ಲಿ ಯಾರಿಟ್ಟಾರ ನನಗ?”

“ಅಯ್ನೋರ, ಹಾಸಿದ ಕಲ್ಲು ಎಂದಾರ ನುಡಿತದೇನ್ರಿ? ಅದಕ್ಕ ಕೆಳಗ ಸಿಮೆಂಟ್ ತುಂಬಿ, ಬಾಯಿ ಮುಚ್ಚಿ ಮಲಗಸೋದೇ ನಮ್ಮ ಕೆಲಸ. ನುಡದ್ರ ನಮಗ ಪಗಾರಿಲ್ಲ.”

ಗುರುಲಿಂಗಯ್ಯನವರ ಮಟ್ಟಿಗೆ ಕಲ್ಲಿನ ಬದುಕು ಕಾರ್ಖಾನೆಯ ಗೇಟಿಗೆ ಮುಗಿಯುತ್ತಿತ್ತು. ಆಚೆ ಅದನ್ನು ಏನು ಮಾಡುತ್ತಾರೆಂದು ಅವರು ಎಂದೂ ಯೋಚಿಸಿರಲಿಲ್ಲ. ತಮ್ಮ ಮನೆಯ ಫರಸಿಯನ್ನೂ ಬಡಿದವರಲ್ಲ. ಅದರ ಮೇಲೆ ನಡೆದಾಡುತ್ತಿದ್ದರು, ಅಷ್ಟೆ.

ಎಂಟನೆಯದು ಬಟ್ಟೆ ಅಂಗಡಿಗಳ ಸಂದಿಯಲ್ಲಿದ್ದ ಚಿಕ್ಕ ಮಂದಿರ. ಅಂಗಳ ಕಿತ್ತು ಹೊಸದಾಗಿ ಹಾಸುತ್ತಿದ್ದರು. ಗೋಡೆಗೆ ಆನಿಸಿ ಇಪ್ಪತ್ತೆರಡು ಕಲ್ಲು ನಿಲ್ಲಿಸಿದ್ದರು.

ಗುರುಲಿಂಗಯ್ಯ ಒಳಗೆ ಹೋಗಲೇ ಇಲ್ಲ. ಮೊದಲ ಕಲ್ಲು ಬಡಿದರು. ನುಡಿಯಿತು. ಎರಡನೆಯದೂ ನುಡಿಯಿತು. ಅವರ ಕಣ್ಣು ಒದ್ದೆಯಾದವು. ಹಿಂದೆ ಸಾಲು ನಿಂತಿದ್ದ ನಾಗಪುರದವರ ಕಣ್ಣೂ ಒದ್ದೆಯಾದವು. ಏಳನೆಯದು ಮೂಕವಾಗಿತ್ತು. ಜೇಬಿನಲ್ಲಿದ್ದ ಸೀಮೆಸುಣ್ಣ ತೆಗೆದು ಗೆರೆ ಎಳೆದರು.

ಅಲ್ಲಿ ಕೆಲಸ ಮಾಡುತ್ತಿದ್ದ ಮುದಿ ಗೌಂಡಿ ಕರಣೆ ಹಿಡಿದುಕೊಂಡೇ ಸಿಟ್ಟಿನಿಂದ ಬಂದ. ಗೆರೆಯನ್ನು ನೋಡಿದ, ತಾನೂ ಬಡಿದ, ಪಕ್ಕದ್ದನ್ನು ಬಡಿದ, ಮತ್ತೆ ಇದನ್ನು ಬಡಿದ. ಆಮೇಲೆ ಕಲ್ಲನ್ನು ತಿರುಗಿಸಿದ. ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಬಿರುಕಿತ್ತು. ಗೌಂಡಿ ಕರಣೆ ಕೆಳಗಿಟ್ಟು ಗುರುಲಿಂಗಯ್ಯನವರಿಗೆ ಕೈಮುಗಿದ.

ಗುರುಲಿಂಗಯ್ಯ ಸಂಭ್ರಮದಿಂದ ಮಾಲೀಕರ ಬಳಿ ಹೋದರು. “ಸಾವ್ಕಾರ್ರೇ, ಛಲೋ ಸುದ್ದಿ ಅದ್ರಿ. ನನ್ನ ಕಿವಿಗಿ ಏನೂ ಆಗಿಲ್ಲ.”

“ಹಂಗಾದ್ರ?”

“ಹಂಗಾದ್ರ ನಿಮ್ಮ ಖಣಿ ಕೆಟ್ಟದ್ರಿ.”

ಎರಡನೆಯ ಮಾತನ್ನೂ ಅದೇ ಸಂಭ್ರಮದಲ್ಲಿ ಹೇಳಿದ್ದರು. ನಂದಕಿಶೋರರ ಮುಖ ನೋಡಿದ ಮೇಲೆ ಸ್ವಲ್ಪ ತಗ್ಗಿಸಿಕೊಂಡರು.

ನಂದಕಿಶೋರ್ ತಾವೂ ಎರಡು ಕಲ್ಲು ಬಡಿದರು. ಅವರಿಗೆ ಆಗಲೂ ಎರಡೂ ಒಂದೇ ಥರ ಕೇಳಿಸಿದವು. ಆದರೆ ಬಿರುಕು ಕಣ್ಣಿಗೆ ಕಾಣುತ್ತಿತ್ತು. ಅವರು ಗೈಡ್ ಹುಡುಗಿಯನ್ನು ಕರೆದುಕೊಂಡು ಫೋನ್ ಬೂತು ಹುಡುಕಲು ಹೊರಟರು. ಒಂಬತ್ತನೆಯ ಮಂದಿರದ ಸಮಯ ಅದರಲ್ಲೇ ಕಳೆಯಿತು.

“ಸೂರ್ಯಕಾಂತ, ಅಯ್ನೋರು ಗೆರಿ ಹಾಕಿದ ಕಲ್ಲು ಲಾರಿಗಿ ಹಾಕೀಯೇನು?”

“ಒರಸ್ಲಿಕತ್ತೀವ್ರಿ. ನಾಳಿ ಹೋಗ್ತದ.”

“ಒರಸಬ್ಯಾಡ. ಖಣಿ ಕೆಟ್ಟದ.”

“ಕಿವಿ ಕೆಟ್ಟದ ಅಂದಿದ್ರಲ್ರಿ?”

“ಕಿವಿ ಇಲ್ಲಿ ಪಾಸಾಯ್ತು” ಎಂದು ನಂದಕಿಶೋರ್ ಫೋನಿಟ್ಟರು.

ಬಸ್ಸಿನಲ್ಲಿ ಅವರು ಪಕ್ಕಕ್ಕೆ ತಿರುಗಿ, “ಸೋಮವಾರ ಖಣಿಗಿ ಬರ್ರಿ ಅಯ್ನೋರ. ಎಲ್ಲಿಂದ ಕೆಟ್ಟದ, ಎಲ್ಲಿ ಛಲೋ ಅದ, ಬಡದು ಹೇಳ್ರಿ” ಎಂದರು.

“ಸೋಮವಾರ ನಂದು ಉಪಾಸ ಇರ್ತದ್ರಿ. ಬಿಸಲಾಗ ಆಗಂಗಿಲ್ಲ. ಮಂಗಳವಾರ ಬರ್ತೀನಿ.”

ನಂದಕಿಶೋರ್ ಯೋಚಿಸಿದರು.

“ಆಯ್ತ್ರಿ. ಮಂಗಳವಾರ ಗಾಡಿ ಕಳಸ್ತೀನಿ.”