ಮುಂಬೈ ಮುದ್ರೆಯ ಆ ಎಂಟು ದಿನ

ನಿನ್ನೆ ಪಿನ್ನು ಹುಡುಕುತ್ತ ಅಂಗಡಿಯ ಡ್ರಾಯರ್ ಎಳೆದರೆ ತಳದಲ್ಲಿ ಹಳದಿಗಟ್ಟಿದ ಒಂದು ಝೆರಾಕ್ಸ್ ಹಾಳೆ ಸಿಕ್ಕಿತು. ಪಾಸ್‌ಪೋರ್ಟಿನ ಒಂದು ಪುಟ. ಮುಂಬೈ ವಿಮಾನ ನಿಲ್ದಾಣದಲ್ಲಿ ಬಂದಿಳಿದಾಗ ಹೊಡೆದ ಮುದ್ರೆ, ಅದರ ಪಕ್ಕದಲ್ಲಿ ಕಪ್ಪಗೆ ಒಂದು ಹೆಬ್ಬೆರಳು... ಪಕ್ಕದ ಮನೆಯ ಚಾಚಾನದು.

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಷಿನ್ ರಿಪೇರಿ ಕಲಿತು ಮಸ್ಕತ್ತಿಗೆ ಹೋದವರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಊರಲ್ಲಿ ಇರುವಷ್ಟು ದಿನ ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯದೆ ಅವರಿಗೆ ಬೆಳಗಾಗುತ್ತಿರಲಿಲ್ಲ.

ಒಂದು ಸಲ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕೆಂದು ಹಳೆಯದನ್ನು ತಂದು, ಇರಲಿ, ಎಲ್ಲ ಪುಟದ ಝೆರಾಕ್ಸ್ ತೆಗೆ ಎಂದರು. ನಾನೋ ಹುಟ್ಟಾ ಅನುಮಾನದವನು. ಹಾಲಿನವನು ತಡವಾಗಿ ಬಂದರೂ ಅನುಮಾನ, ಬೇಗ ಬಂದರೂ ಅನುಮಾನ. ಕಣ್ಣು ಮುಂಬೈ ಮುದ್ರೆಯ ತಾರೀಖಿನ ಮೇಲೆ ಬಿತ್ತು. ಆ ಸಲ ಅವರು ಊರಿಗೆ ಬಂದ ದಿನವೇ ನನ್ನ ಝೆರಾಕ್ಸ್ ಯಂತ್ರವೂ ಬಂದಿತ್ತು. ಪೂಜೆ ಮಾಡಿ ತಾರೀಖನ್ನು ಅದರ ಮೇಲೆಯೇ ಬರೆದಿದ್ದೆ. ಮುದ್ರೆ ಅದಕ್ಕಿಂತ ಎಂಟು ದಿನ ಮೊದಲಿನದು. ಮುಂಬೈಯಿಂದ ಬ್ಯಾಡಗಿಗೆ ಎಂಟು ದಿನ ಬೇಕೇ? ಸದ್ದಿಲ್ಲದೆ ಆ ಪುಟದ ಒಂದು ನಕಲು ಹೆಚ್ಚಿಗೆ ತೆಗೆದಿಟ್ಟುಕೊಂಡೆ. ಆಮೇಲೆ ಗಿರಾಕಿಗಳ ಎದುರಿಗೇ ಕೇಳಿಬಿಟ್ಟೆ.

“ನಡುವ ಎಂಟ ದಿನಾ ಎಲ್ಲಿದ್ರಿ ಚಾಚಾ?”

ಅವರು ಪಾಸ್‌ಪೋರ್ಟ್ ಕಿಸೆಗಿಟ್ಟುಕೊಂಡರು. “ಮುದ್ರಿ ಹೊಡಿಯೋ ಸಾಹೇಬ್ರೂ ನನಗ ಇಷ್ಟ ಕೇಳಲಿಲ್ಲಪಾ.”

ಅಂದಿನಿಂದ ಚಹಾಕ್ಕೆ ಬರಲಿಲ್ಲ. ಝೆರಾಕ್ಸ್ ಬೇಕಾದರೆ ಹಾವೇರಿಗೆ ಹೋಗುತ್ತಿದ್ದರು. ಸರಿ, ಮುಂಬೈಯಲ್ಲಿ ಇನ್ನೊಂದು ಸಂಸಾರ ಇರಲೇಬೇಕು ಎಂದು ಖಚಿತ ಮಾಡಿಕೊಂಡೆ. ಹೆಂಡತಿಗೂ ಹೇಳಿದೆ... ಓಣಿಗೆಲ್ಲ ಹಬ್ಬಲು ಅಷ್ಟು ಸಾಕಾಯಿತು.

ಚಾಚಾ ತೀರಿಕೊಂಡು ವರ್ಷವಾಯಿತು. ಆದರೂ ನಿನ್ನೆ ಹಾಳೆ ಕಂಡ ಮೇಲೆ ತಡೆಯಲಾಗಲಿಲ್ಲ. ಸಂಜೆ ಚಾಚಿಯ ಬಾಗಿಲಿಗೆ ಹೋಗಿ ಅದನ್ನು ತೋರಿಸಿ ಮತ್ತೆ ಅದೇ ಪ್ರಶ್ನೆ ಕೇಳಿದೆ. ಹೇಳಲು ನಾಚಿಕೆಯಾಗುತ್ತದೆ, ಆಗಲೂ ನನ್ನ ದನಿಯಲ್ಲಿದ್ದದ್ದು ಅನುಮಾನವೇ.

“ಮುಂಬೈದಾಗ ನಮ್ಮ ಅಣ್ಣನ ಮನ್ಯಾಗ ಇರ್ತಿದ್ರು,” ಎಂದರು ಚಾಚಿ. “ಮಸ್ಕತ್ತಿಂದ ಬರೂಮುಂದ ಗಲ್ಲ ಒಳಗ ಹೋಗಿರ್ತಿದ್ವು. ಎಂಟ ದಿನಾ ಉಂಡು, ಮಲಗಿ, ಮುಖಕ್ಕ ಕಳೆ ಬಂದಮ್ಯಾಲೆ ನನ್ನ ಮುಂದ ಬರೋರು. ನಾನು ನೋಡಿ ಅಳಬಾರದಂತ. ಅಣ್ಣ ಎಲ್ಲಾ ಹೇಳಿದ್ದ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಿದ್ರು. ನಾನೂ ಕೇಳಲಿಲ್ಲ.”

ಹಾಳೆ ಹಿಡಿದು ಅಂಗಡಿಗೆ ವಾಪಸು ಬಂದೆ. ಇಷ್ಟು ವರ್ಷ ಅದರಲ್ಲಿ ನನಗೆ ತಾರೀಖೊಂದೇ ಕಂಡಿತ್ತು. ಪುಟ ಮುಚ್ಚಿಕೊಳ್ಳಬಾರದು, ನನಗೆ ಅನುಕೂಲವಾಗಲಿ ಎಂದು ಅವರೇ ಯಂತ್ರದ ಗಾಜಿನ ಮೇಲೆ ಒತ್ತಿ ಹಿಡಿದಿದ್ದ ಹೆಬ್ಬೆರಳು ಅದು. ತಪ್ಪಾಯ್ತು ಚಾಚಾ ಎನ್ನಲು ಈಗ ಅದೊಂದೇ ಉಳಿದಿದೆ...